ಸಮುದಾಯದಲ್ಲಿ ಹರಡುವ ಎಂಆರ್‌ಎಸ್‌ಎ ಸೋಂಕು

ಮೆತಿಸಿಲಿನ್ ಎಂಬ ಪ್ರತಿಜೈವಿಕಕ್ಕೆ, ಅಂದರೆ ಆಂಟಿಬಯಾಟಿಕ್ ಔಷಧಕ್ಕೆ, ಮಣಿಯದ ಸ್ಟೆಫಿಲೊಕಾಕಸ್ ಆರಿಯಸ್ ಬ್ಯಾಕ್ಟೀರಿಯಾವನ್ನು ಎಂಆರ್‌ಎಸ್‌ಎ ಎಂದು ಕರೆಯಲಾಗುತ್ತದೆ. 1961ರಲ್ಲಿ ಮೊದಲು ವರದಿಯಾದ ಈ ರೋಗಾಣುವನ್ನು ಸುಮಾರು ಮೂರು ದಶಕಗಳ ಕಾಲ ಆಸ್ಪತ್ರೆಗಳಿಗೆ ಸೀಮಿತವಾದ ಪಿಡುಗೆಂದೇ ಭಾವಿಸಲಾಗಿತ್ತು. ಶಸ್ತ್ರಚಿಕಿತ್ಸೆಯ ಗಾಯ, ರಕ್ತನಾಳದಲ್ಲಿ ಇರಿಸಿದ ನಳಿಕೆ, ಡಯಾಲಿಸಿಸ್ ಅಥವಾ ತೀವ್ರ ನಿಗಾ ಘಟಕದ ವಾಸ, ಇವು ಯಾವುದರ ನಂಟೂ ಇಲ್ಲದವರಲ್ಲಿ ಅದು ಕಾಣಿಸಿಕೊಳ್ಳುವುದು ಅಪರೂಪವಾಗಿತ್ತು. 1990ರ ದಶಕದಲ್ಲಿ ಈ ಗ್ರಹಿಕೆ ಮುರಿದುಬಿತ್ತು. ಆಸ್ಪತ್ರೆಯ ಮೆಟ್ಟಿಲನ್ನೇ ಹತ್ತದ ಮಕ್ಕಳಲ್ಲಿ, ಆಟಗಾರರಲ್ಲಿ, ಸೈನಿಕರಲ್ಲಿ, ಸೆರೆಯಾಳುಗಳಲ್ಲಿ ಎಂಆರ್‌ಎಸ್‌ಎ ಕುರುಗಳನ್ನು ಎಬ್ಬಿಸತೊಡಗಿತು, ಕೆಲವೊಮ್ಮೆ ಶ್ವಾಸಕೋಶಕ್ಕೆ ಇಳಿದು ಪ್ರಾಣವನ್ನೂ ತೆಗೆಯಿತು. ಹೊರರೋಗಿಯಲ್ಲಿ ಅಥವಾ ಆಸ್ಪತ್ರೆಗೆ ದಾಖಲಾದ 48 ಗಂಟೆಗಳ ಒಳಗೆ ಸೋಂಕು ಪತ್ತೆಯಾಗಿದ್ದು, ಹಿಂದಿನ ಒಂದು ವರ್ಷದಲ್ಲಿ ಒಳರೋಗಿಯಾಗಿ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಅಥವಾ ಡಯಾಲಿಸಿಸ್ ಪಡೆದಿರದೆ, ದೇಹದೊಳಗೆ ನಳಿಕೆಗಳೂ ಇಲ್ಲದಿದ್ದರೆ ಅದನ್ನು ಸಮುದಾಯಮೂಲದ ಎಂಆರ್‌ಎಸ್‌ಎ ಸೋಂಕು ಎಂದು ಗುರುತಿಸುವುದು ರೂಢಿ. ಇದು ಆಸ್ಪತ್ರೆಯಿಂದ ಸೋರಿ ಹೊರಬಂದ ರೋಗಾಣುವಲ್ಲ. ಬೇರೆ ಬೇರೆ ಭೂಭಾಗಗಳಲ್ಲಿ, ಬೇರೆ ಬೇರೆ ತಳಿಗಳಾಗಿ, ಜನರ ನಡುವೆಯೇ ಹುಟ್ಟಿ ಬೆಳೆದದ್ದು ಎಂಬುದು ಈ ವಿಷಯದ ಅಧ್ಯಯನದಿಂದ ಹೊರಬಿದ್ದ ಅತ್ಯಂತ ಮುಖ್ಯ ತಿಳಿವಳಿಕೆಯಾಗಿದೆ, ಮತ್ತು ತಡೆಯ ಕ್ರಮಗಳೆಲ್ಲ ಆಸ್ಪತ್ರೆಯ ಒಳಗೇ ನಿಂತುಬಿಟ್ಟರೆ ಏಕೆ ಸಾಲದು ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ.

ಸ್ಕಾಟ್ಲೆಂಡಿನ ಆಬರ್ಡೀನ್ ನಗರದ ಶಸ್ತ್ರವೈದ್ಯ ಅಲೆಕ್ಸಾಂಡರ್ ಆಗ್‌ಸ್ಟನ್ 1880ರ ಸುಮಾರಿಗೆ ಕುರುಗಳ ಕೀವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ದ್ರಾಕ್ಷಿಗೊಂಚಲಿನಂತೆ ಗುಂಪುಗೂಡಿದ ದುಂಡನೆಯ ಜೀವಿಗಳನ್ನು ಗುರುತಿಸಿದನು. 1884ರಲ್ಲಿ ಜರ್ಮನಿಯ ರೋಸೆನ್‌ಬಾಕ್ ಅವುಗಳಲ್ಲಿ ಹೊಂಬಣ್ಣದ ವಸಾಹತುಗಳಾಗಿ ಬೆಳೆಯುವ ಬಗೆಯನ್ನು ಬೇರ್ಪಡಿಸಿ ಆರಿಯಸ್ ಎಂದು ಹೆಸರಿಟ್ಟನು. ಯಾವುದೇ ಹೊತ್ತಿನಲ್ಲಿ ಪರೀಕ್ಷಿಸಿದರೂ ಮನುಷ್ಯರಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮೂಗಿನ ಹೊಳ್ಳೆಗಳಲ್ಲಿ ಈ ಬ್ಯಾಕ್ಟೀರಿಯಾ ಯಾವ ತೊಂದರೆಯನ್ನೂ ಕೊಡದೆ ನೆಲೆಸಿರುತ್ತದೆ. ಕಂಕುಳು, ತೊಡೆಸಂದು ಮತ್ತು ಗಂಟಲಿನಲ್ಲಿಯೂ ಅದು ಇರಬಲ್ಲದು. ಚರ್ಮ ತರಚಿದಾಗ, ಕೂದಲ ಬುಡ ಕೆರಳಿದಾಗ ಅಥವಾ ಇಸುಬಿನಿಂದ ಬಿರುಕು ಬಿಟ್ಟಾಗ ಅದೇ ಜೀವಿ ಒಳಹೊಕ್ಕು ಕುರು, ಉಗುರುಸುತ್ತು, ಮಕ್ಕಳ ಬಾಯಿಯ ಸುತ್ತ ಹಕ್ಕಳೆಗಟ್ಟುವ ಇಂಪೆಟಿಗೊ ಮುಂತಾದ ತೊಂದರೆಗಳನ್ನು ತರುತ್ತದೆ. ಇವುಗಳಲ್ಲಿ ಬಹುಪಾಲು ತಾವಾಗಿಯೇ ಮಾಗಿ ಒಡೆದು ಗುಣವಾಗುತ್ತವೆ. ರಕ್ತಕ್ಕೆ ಸೇರಿದಾಗ ಮಾತ್ರ ಮೂಳೆ, ಕೀಲು, ಹೃದಯದ ಕವಾಟ, ಶ್ವಾಸಕೋಶ ಹೀಗೆ ಎಲ್ಲಿ ಬೇಕಾದರೂ ತಂಗಿ ರಕ್ತನಂಜನ್ನು ಉಂಟುಮಾಡುವ ಸಾಮರ್ಥ್ಯ ಇದಕ್ಕಿದೆ.

ಪೆನಿಸಿಲಿನ್ 1940ರ ದಶಕದಲ್ಲಿ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ, ಆ ಔಷಧವನ್ನು ಒಡೆದುಹಾಕುವ ಪೆನಿಸಿಲಿನೇಸ್ ಎಂಬ ಕಿಣ್ವವನ್ನು ತಯಾರಿಸುವ ಸ್ಟೆಫಿಲೊಕಾಕಸ್‌ಗಳು ಆಸ್ಪತ್ರೆಗಳಲ್ಲಿ ಹೆಚ್ಚಿದವು. 1950ರ ದಶಕದಲ್ಲಿ 80/81 ಎಂಬ ತಳಿ ಆಸ್ಪತ್ರೆಗಳಲ್ಲಿಯೂ ಮನೆಗಳಲ್ಲಿಯೂ ಜಗತ್ತಿನ ಹಲವೆಡೆ ಹರಡಿತು. ಸಮುದಾಯದೊಳಗೆ ಔಷಧ ಪ್ರತಿರೋಧಿ ಸ್ಟೆಫಿಲೊಕಾಕಸ್ ಹರಡುವುದು 1990ರ ದಶಕದಲ್ಲಿ ಮೊದಲ ಬಾರಿಗೆ ನಡೆದ ಸಂಗತಿಯಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಪೆನಿಸಿಲಿನೇಸ್ ಒಡೆಯಲಾರದಂತೆ ರೂಪಿಸಿದ ಮೆತಿಸಿಲಿನ್ 1959–60ರಲ್ಲಿ ಬ್ರಿಟನ್ನಿನಲ್ಲಿ ಬಳಕೆಗೆ ಬಂದಾಗ ಸಮಸ್ಯೆ ಮುಗಿಯಿತೆಂಬ ಭರವಸೆ ಮೂಡಿತ್ತು. ಆದರೆ ಲಂಡನ್ನಿನ ಕಾಲಿಂಡೇಲ್ ಪ್ರಯೋಗಾಲಯದ ಪೆಟ್ರೀಷಿಯಾ ಜೆವನ್ಸ್ 5,000ಕ್ಕೂ ಹೆಚ್ಚು ಮಾದರಿಗಳನ್ನು ಪರೀಕ್ಷಿಸಿ, ಅವುಗಳಲ್ಲಿ ಮೂರು ಹೊಸ ಔಷಧಕ್ಕೂ ಬಗ್ಗುವುದಿಲ್ಲವೆಂದು 1961ರಲ್ಲಿ ತಿಳಿಸಿದರು. ಕಾಪಿಟ್ಟ ಆ ಕಾಲದ ಮಾದರಿಗಳ ಜೀನೋಮನ್ನು, ಅಂದರೆ ಸಮಗ್ರ ವಂಶವಾಹಿ ಬರಹವನ್ನು, ಓದಿ 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ಪ್ರತಿರೋಧ ಹುಟ್ಟಿದ್ದು 1940ರ ದಶಕದ ನಡುವಿನಲ್ಲಿ, ಅಂದರೆ ಮೆತಿಸಿಲಿನ್ ಇನ್ನೂ ತಯಾರಾಗದಿದ್ದಾಗಲೇ, ಎಂಬ ತೀರ್ಮಾನಕ್ಕೆ ಬಂದಿತು. ಪೆನಿಸಿಲಿನ್‌ನ ವ್ಯಾಪಕ ಬಳಕೆಯೇ ಅದನ್ನು ಆರಿಸಿ ಬೆಳೆಸಿತ್ತು. ಒಂದು ಔಷಧದ ಅತಿಬಳಕೆ ಮುಂದೆ ಬರಲಿರುವ ಇನ್ನೊಂದು ಔಷಧವನ್ನು ಮುಂಚಿತವಾಗಿಯೇ ದುರ್ಬಲಗೊಳಿಸಬಲ್ಲದು ಎನ್ನುವುದಕ್ಕೆ ಇದಕ್ಕಿಂತ ಗಂಭೀರವಾದ ನಿದರ್ಶನ ಸಿಗುವುದು ಕಷ್ಟ.

ಪೆನಿಸಿಲಿನ್ ಮತ್ತು ಸೆಫಲೊಸ್ಪೋರಿನ್‌ಗಳನ್ನು ಒಳಗೊಂಡ ಬೀಟಾ-ಲ್ಯಾಕ್ಟಮ್ ಔಷಧಗಳು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು ಹೆಣೆಯುವ ಪ್ರೋಟೀನುಗಳಿಗೆ ಅಂಟಿಕೊಂಡು ಆ ಹೆಣಿಗೆಯನ್ನು ನಿಲ್ಲಿಸುತ್ತವೆ. ಎಂಆರ್‌ಎಸ್‌ಎಯಲ್ಲಿರುವ ಮೆಕ್‌ಎ ಎಂಬ ವಂಶವಾಹಿಯು ಪಿಬಿಪಿ 2ಎ ಎಂಬ ಹೆಚ್ಚುವರಿ ಪ್ರೋಟೀನನ್ನು ತಯಾರಿಸುತ್ತದೆ. ಔಷಧವು ಇದಕ್ಕೆ ಅಂಟಿಕೊಳ್ಳಲಾರದ ಕಾರಣ, ಉಳಿದ ಪ್ರೋಟೀನುಗಳು ಸ್ತಬ್ಧವಾದರೂ ಭಿತ್ತಿಯ ಕೆಲಸ ಮುಂದುವರಿಯುತ್ತದೆ. ಆದುದರಿಂದ ಎಂಆರ್‌ಎಸ್‌ಎಗೆ ಪ್ರತಿರೋಧವಿರುವುದು ಮೆತಿಸಿಲಿನ್ ಒಂದಕ್ಕೇ ಅಲ್ಲ. ಸೆಫ್ಟರೊಲಿನ್‌ನಂತಹ ಒಂದೆರಡು ಹೊಸ ಔಷಧಗಳನ್ನು ಬಿಟ್ಟರೆ ಇಡೀ ಬೀಟಾ-ಲ್ಯಾಕ್ಟಮ್ ಕುಟುಂಬವೇ ಅದರ ಮುಂದೆ ನಿಷ್ಫಲ. ಮೆಕ್‌ಎ ವಂಶವಾಹಿಯು ಬ್ಯಾಕ್ಟೀರಿಯಾದಿಂದ ಬ್ಯಾಕ್ಟೀರಿಯಾಕ್ಕೆ ದಾಟಬಲ್ಲ ಡಿಎನ್‌ಎ ತುಂಡೊಂದರ ಮೇಲೆ ಇರುತ್ತದೆ, ಮತ್ತು ಆಸ್ಪತ್ರೆಯ ತಳಿಗೂ ಸಮುದಾಯದ ತಳಿಗೂ ಇರುವ ವ್ಯತ್ಯಾಸ ಇಲ್ಲಿಯೇ ಎದ್ದು ಕಾಣುತ್ತದೆ. ಕ್ಯಾಸೆಟ್ ಎಂದು ಕರೆಯಲಾಗುವ ಈ ತುಂಡು ಆಸ್ಪತ್ರೆಯ ತಳಿಗಳಲ್ಲಿ ಉದ್ದವಾಗಿದ್ದು ಇತರ ಹಲವು ಔಷಧಗಳ ವಿರುದ್ಧದ ವಂಶವಾಹಿಗಳನ್ನೂ ಹೊತ್ತಿರುತ್ತದೆ. ಸಮುದಾಯದ ತಳಿಗಳಲ್ಲಿ ಸಾಮಾನ್ಯವಾಗಿ ಕಾಣುವ ನಾಲ್ಕನೆಯ ಮತ್ತು ಐದನೆಯ ಬಗೆಯ ಕ್ಯಾಸೆಟ್‌ಗಳು ಬಹಳ ಚಿಕ್ಕವು. ಚಿಕ್ಕ ಹೊರೆಯನ್ನು ಹೊತ್ತ ಬ್ಯಾಕ್ಟೀರಿಯಾ ಪ್ರತಿರೋಧವಿಲ್ಲದ ತನ್ನ ಬಂಧುಗಳಷ್ಟೇ ವೇಗವಾಗಿ ಬೆಳೆಯಬಲ್ಲದಾದ್ದರಿಂದ, ಔಷಧದ ಒತ್ತಡ ಕಡಿಮೆಯಿರುವ ಮನೆ, ಶಾಲೆ, ಆಟದ ಮೈದಾನಗಳಲ್ಲಿಯೂ ಅದು ಹಿಂದೆ ಬೀಳುವುದಿಲ್ಲ.

ಸಮುದಾಯದ ಎಂಆರ್‌ಎಸ್‌ಎ ಬಗೆಗಿನ ಮೊದಲ ಸ್ಪಷ್ಟ ಸುಳಿವುಗಳಲ್ಲಿ ಒಂದು ದೊರೆತದ್ದು ಪಶ್ಚಿಮ ಆಸ್ಟ್ರೇಲಿಯಾದ ಕಿಂಬರ್ಲಿ ಪ್ರದೇಶದಲ್ಲಿ. ದೊಡ್ಡ ಆಸ್ಪತ್ರೆಗಳಿಂದ ಬಹುದೂರವಿರುವ ಮೂಲನಿವಾಸಿ ಸಮುದಾಯಗಳಲ್ಲಿ ಕಂಡುಬಂದ ಎಂಆರ್‌ಎಸ್‌ಎ, ಆ ದೇಶದ ಪೂರ್ವ ಭಾಗದ ಆಸ್ಪತ್ರೆಗಳ ತಳಿಗಳಿಗಿಂತ ಬೇರೆಯದು ಎಂದು 1993ರಲ್ಲಿ ವರದಿಯಾಯಿತು. ಅಮೆರಿಕದ ಷಿಕಾಗೊದಲ್ಲಿ, ಯಾವ ಅಪಾಯಕಾರಿ ಹಿನ್ನೆಲೆಯೂ ಇಲ್ಲದೆ ಎಂಆರ್‌ಎಸ್‌ಎ ಸೋಂಕಿನಿಂದ ದಾಖಲಾಗುವ ಮಕ್ಕಳ ಸಂಖ್ಯೆ 1990ರ ದಶಕದ ನಡುವಿನ ವೇಳೆಗೆ ಹಲವು ಪಟ್ಟು ಹೆಚ್ಚಿದ್ದನ್ನು ಅಲ್ಲಿನ ಮಕ್ಕಳ ವೈದ್ಯರು 1998ರಲ್ಲಿ ಪ್ರಕಟಿಸಿದರು. ಸಾರ್ವಜನಿಕರ ಗಮನ ಸೆಳೆದದ್ದು ಮಾತ್ರ 1999ರ ಆಗಸ್ಟ್‌ನಲ್ಲಿ ಆ ದೇಶದ ರೋಗ ನಿಯಂತ್ರಣ ಕೇಂದ್ರವಾದ ಸಿಡಿಸಿ ಪ್ರಕಟಿಸಿದ ವರದಿ. 1997 ಮತ್ತು 1999ರ ನಡುವೆ ಮಿನ್ನೆಸೋಟ ಹಾಗೂ ನಾರ್ತ್ ಡಕೋಟ ರಾಜ್ಯಗಳಲ್ಲಿ ನಾಲ್ಕು ಮಕ್ಕಳು ಎಂಆರ್‌ಎಸ್‌ಎಗೆ ಬಲಿಯಾಗಿದ್ದರು. ಅವರಲ್ಲಿ ಇಬ್ಬರಿಗೆ ಇನ್ನೂ ಎರಡು ವರ್ಷ ತುಂಬಿರಲಿಲ್ಲ, ಏಳು ವರ್ಷದ ಬಾಲಕಿಯೊಬ್ಬಳಲ್ಲಿ ಸೋಂಕು ಸೊಂಟದ ಕೀಲಿನಲ್ಲಿ ಮೊದಲಾಗಿ ಶ್ವಾಸಕೋಶಕ್ಕೆ ಹಬ್ಬಿತ್ತು. ಆಸ್ಪತ್ರೆಯ ಹಿನ್ನೆಲೆಯಿಲ್ಲದ ಮಗುವಿನಲ್ಲಿ ಎಂಆರ್‌ಎಸ್‌ಎ ಇರಬಹುದೆಂದು ಶಂಕಿಸಲು ವೈದ್ಯರಿಗೆ ಕಾರಣವೇ ಇರಲಿಲ್ಲವಾಗಿ ಆ ಮಕ್ಕಳಿಗೆ ಮೊದಲು ನೀಡಿದ್ದು ಸೆಫಲೊಸ್ಪೋರಿನ್ ವರ್ಗದ ಔಷಧಗಳನ್ನು, ಅಂದರೆ ಆ ರೋಗಾಣುವಿನ ಮೇಲೆ ಕೆಲಸ ಮಾಡಲಾರದವನ್ನು. ಚಿಕಿತ್ಸೆಯ ಪಾಠಕ್ರಮವನ್ನೇ ಬದಲಿಸಿದ ಈ ನಾಲ್ಕು ಸಾವುಗಳಲ್ಲಿ ಕಳೆದುಹೋದದ್ದು ಮುಖ್ಯವಾಗಿ ಸಮಯ. ಇವರಲ್ಲಿ ಒಬ್ಬರಿಗೆ ತಗುಲಿದ್ದ ಎಂಡಬ್ಲ್ಯು 2 ತಳಿಯ ಜೀನೋಮನ್ನು ಜಪಾನಿನ ಸಂಶೋಧಕರು 2002ರಲ್ಲಿ ಪೂರ್ಣವಾಗಿ ಓದಿದರು.

2000ದ ಈಚೆಗೆ ಅಮೆರಿಕದಲ್ಲಿ ಈ ತಳಿಯನ್ನು ಹಿಂದಿಕ್ಕಿ ಯುಎಸ್‌ಎ300 ಎಂಬ ಇನ್ನೊಂದು ತಳಿ ಅಸಾಧಾರಣ ವೇಗದಲ್ಲಿ ದೇಶವನ್ನೆಲ್ಲ ಆವರಿಸಿತು. 2004ರ ಆಗಸ್ಟ್‌ನಲ್ಲಿ 11 ನಗರಗಳ ತುರ್ತು ಚಿಕಿತ್ಸಾ ವಿಭಾಗಗಳಿಗೆ ಚರ್ಮದ ಸೋಂಕಿನಿಂದ ಬಂದ 422 ರೋಗಿಗಳನ್ನು ಪರೀಕ್ಷಿಸಿದಾಗ ಶೇ. 59 ಮಂದಿಯಲ್ಲಿ ಎಂಆರ್‌ಎಸ್‌ಎ ದೊರೆಯಿತು, ಅದರಲ್ಲಿ ಶೇ. 97ರಷ್ಟು ಯುಎಸ್‌ಎ300 ಆಗಿತ್ತು. ರೋಗಿಗಳು ಅನೇಕ ಬಾರಿ ತಮಗೆ ಜೇಡ ಕಚ್ಚಿದೆಯೆಂದು ಹೇಳಿಕೊಂಡು ಬರುತ್ತಿದ್ದರು, ಏಕೆಂದರೆ ಈ ಕುರು ಆರಂಭದಲ್ಲಿ ಹಾಗೆಯೇ ಕಾಣುತ್ತದೆ: ನಡುವೆ ಕಪ್ಪಾಗಿ ಸತ್ತ ಚರ್ಮದ ಚುಕ್ಕೆ, ಸುತ್ತಲೂ ಕೆಂಪಗೆ ಬಿಸಿಯೇರಿದ ಬಾವು, ಮುಟ್ಟಿದರೆ ಗಾತ್ರಕ್ಕೆ ಮೀರಿದ ನೋವು. 2002ರಲ್ಲಿ 928 ಸೆರೆಯಾಳುಗಳಿಗೆ ಎಂಆರ್‌ಎಸ್‌ಎ ಗಾಯಗಳಿದ್ದ ಲಾಸ್ ಏಂಜಲೀಸ್ ಕೌಂಟಿಯ ಸೆರೆಮನೆಯಲ್ಲಿಯೂ ಮೊದಲು ಕೇಳಿಬಂದದ್ದು ಜೇಡದ ದೂರೇ. ಆಕ್ರಮಣಕಾರಿ ಎಂಆರ್‌ಎಸ್‌ಎ ಸೋಂಕುಗಳ, ಎಂದರೆ ರಕ್ತ ಮತ್ತು ಒಳ ಅಂಗಾಂಗಗಳನ್ನು ಹೊಕ್ಕವುಗಳ, ಸಂಖ್ಯೆ ಅಮೆರಿಕದಲ್ಲಿ 2005ರ ಒಂದೇ ವರ್ಷ 94,360ರಷ್ಟಿತ್ತೆಂದು ಅಂದಾಜಿಸಲಾಗಿದ್ದು, ಇವುಗಳಲ್ಲಿ ಹೆಚ್ಚಿನವು ಆರೋಗ್ಯಸೇವೆಗೆ ಸಂಬಂಧಿಸಿದವೇ ಆಗಿದ್ದರೂ ಸಮುದಾಯದ ತಳಿ ಆಸ್ಪತ್ರೆಗಳೊಳಗೂ ನುಗ್ಗಲು ಆರಂಭಿಸಿದ್ದುದು ಆ ಹೊತ್ತಿಗಾಗಲೇ ಕಂಡುಬಂದಿತ್ತು.

ಈ ತಳಿಗಳು ಇಷ್ಟು ಉಗ್ರವಾಗಲು ಕಾರಣವೇನು ಎಂಬ ಪ್ರಶ್ನೆ ದೀರ್ಘ ವಿವಾದಕ್ಕೆ ಎಡೆಮಾಡಿದೆ. ಬಿಳಿ ರಕ್ತಕಣಗಳ ಪೊರೆಯಲ್ಲಿ ರಂಧ್ರ ಕೊರೆದು ಅವುಗಳನ್ನು ಕೊಲ್ಲುವ, 1932ರಲ್ಲಿ ಪ್ಯಾಂಟನ್ ಮತ್ತು ವ್ಯಾಲೆಂಟೈನ್ ವಿವರಿಸಿದ ಪಿವಿಎಲ್ ಎಂಬ ವಿಷವನ್ನು ಸಮುದಾಯದ ಬಹುತೇಕ ತಳಿಗಳು ತಯಾರಿಸುತ್ತವೆ. ಈ ವಿಷವುಳ್ಳ ಸ್ಟೆಫಿಲೊಕಾಕಸ್‌ನಿಂದ ನ್ಯುಮೋನಿಯಾಕ್ಕೆ ತುತ್ತಾದ 16 ರೋಗಿಗಳ ಬಗ್ಗೆ ಫ್ರಾನ್ಸಿನ ವೈದ್ಯರು 2002ರಲ್ಲಿ ಬರೆದರು. ಹೆಚ್ಚಿನವರು ಮಕ್ಕಳು ಮತ್ತು ಹದಿಹರೆಯದವರು, ಫ್ಲೂ ಮಾದರಿಯ ಜ್ವರದ ಬೆನ್ನಿಗೇ ಕೆಮ್ಮಿದಾಗ ರಕ್ತ ಬೀಳತೊಡಗಿ, ಶ್ವಾಸಕೋಶದ ಅಂಗಾಂಶ ಸತ್ತು, ಹಲವರು ಎರಡು ದಿನಗಳೊಳಗೆ ತೀರಿಕೊಂಡಿದ್ದರು. ಇಷ್ಟಾದರೂ ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಪಿವಿಎಲ್ ಇದ್ದರೂ ಇಲ್ಲದಿದ್ದರೂ ಹೆಚ್ಚು ವ್ಯತ್ಯಾಸ ಕಾಣದಿದ್ದಾಗ ಅದರ ಪಾತ್ರವನ್ನೇ ಕೆಲವರು ಅಲ್ಲಗಳೆದರು. ಮನುಷ್ಯರ ಮತ್ತು ಮೊಲಗಳ ಬಿಳಿ ರಕ್ತಕಣಗಳು ಈ ವಿಷಕ್ಕೆ ಸುಲಭವಾಗಿ ಸಾಯುತ್ತವೆ, ಇಲಿಗಳವು ಸಾಯುವುದಿಲ್ಲ ಎಂಬುದು ಅನಂತರ ಗೊತ್ತಾಯಿತು. ಆಲ್ಫಾ ಟಾಕ್ಸಿನ್ ಮತ್ತು 2007ರಲ್ಲಿ ಗಮನಕ್ಕೆ ಬಂದ ಪಿಎಸ್‌ಎಂ ಎಂಬ ಚಿಕ್ಕ ಪೆಪ್ಟೈಡುಗಳು ಈ ತಳಿಗಳಲ್ಲಿ ಹೆಚ್ಚಿನ ಪ್ರಮಾಣದಲ್ಲಿ ಉತ್ಪತ್ತಿಯಾಗುವುದೂ ಉಗ್ರತೆಗೆ ಕಾರಣವೆಂದು ಈಗ ಭಾವಿಸಲಾಗಿದೆ.

ಹರಡುವಿಕೆಯ ಬಗೆ ಸರಳವಾದುದು. ಗಾಳಿಯಲ್ಲಿ ತೇಲಿಬರುವುದಕ್ಕಿಂತ ಚರ್ಮಕ್ಕೆ ಚರ್ಮ ತಾಗುವುದರಿಂದ ಮತ್ತು ಕೀವು ಸೋಕಿದ ವಸ್ತುಗಳಿಂದ ಈ ರೋಗಾಣು ದಾಟುತ್ತದೆ. ಜನ ಒತ್ತೊತ್ತಾಗಿ ಬದುಕುವ, ಮೈ ತರಚುವ, ಬಟ್ಟೆ ಮತ್ತು ಸಲಕರಣೆಗಳನ್ನು ಹಂಚಿಕೊಳ್ಳುವ, ನೀರು ಸಾಬೂನಿಗೆ ಕೊರತೆಯಿರುವ ಕಡೆಗಳಲ್ಲೆಲ್ಲ ಅದಕ್ಕೆ ದಾರಿ ಸುಗಮ. 2003ರ ಋತುವಿನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ರ‍್ಯಾಮ್ಸ್ ಫುಟ್‌ಬಾಲ್ ತಂಡದಲ್ಲಿ ನಡೆದ ತನಿಖೆ ಈ ದಾರಿಯನ್ನು ಬಹಳ ಹತ್ತಿರದಿಂದ ತೋರಿಸಿಕೊಟ್ಟಿತು. ತಂಡದ 58 ಆಟಗಾರರಲ್ಲಿ ಐವರಿಗೆ ಒಟ್ಟು ಎಂಟು ಸೋಂಕುಗಳು ತಗುಲಿದ್ದು, ಎಲ್ಲವೂ ಕೃತಕ ಹುಲ್ಲಿನ ನೆಲಕ್ಕೆ ಉಜ್ಜಿ ಮೊಣಕೈ, ಮುಂದೋಳು, ಮೊಣಕಾಲುಗಳ ಚರ್ಮ ಕಿತ್ತುಹೋದ ಜಾಗಗಳಲ್ಲಿಯೇ ಎದ್ದಿದ್ದವು. ಮೈದಾನದ ಬದಿಯಲ್ಲಿ ಒಂದೇ ಟವೆಲನ್ನು ಹಲವರು ಬಳಸುತ್ತಿದ್ದರು, ಸುಳಿನೀರಿನ ತೊಟ್ಟಿಗೆ ಸ್ನಾನ ಮಾಡದೆಯೇ ಇಳಿಯುತ್ತಿದ್ದರು, ಗಾಯಕ್ಕೆ ಪಟ್ಟಿ ಕಟ್ಟುವ ಸಿಬ್ಬಂದಿಗೆ ಕೈ ತೊಳೆಯಲು ಸರಿಯಾದ ಅನುಕೂಲವಿರಲಿಲ್ಲ. ಆಟಗಾರರ ಮೂಗಿನ ಮಾದರಿಗಳಲ್ಲಿ ಎಂಆರ್‌ಎಸ್‌ಎ ಸಿಗಲೇ ಇಲ್ಲವೆಂಬುದು ಮುಖ್ಯ. ಸೋಂಕು ಸಾಗಿದ್ದು ಗಾಯದಿಂದ ಗಾಯಕ್ಕೆ. ಅಲಾಸ್ಕದ ನೈಋತ್ಯ ಭಾಗದ ಹಳ್ಳಿಗಳಲ್ಲಿ ಕುರುಗಳ ಪಿಡುಗು ಹಬ್ಬಿದಾಗ ಜನರು ಒಟ್ಟಿಗೆ ಕೂರುವ ಬಿಸಿ ಆವಿಯ ಸ್ನಾನಗೃಹಗಳಲ್ಲಿಯೂ ಅದೇ ಬ್ಯಾಕ್ಟೀರಿಯಾ ದೊರಕಿತು. ಹಿಂದಿನ ವರ್ಷ ಹೆಚ್ಚು ಪ್ರತಿಜೈವಿಕಗಳನ್ನು ನುಂಗಿದ್ದವರಲ್ಲಿ ಎಂಆರ್‌ಎಸ್‌ಎ ಹೆಚ್ಚಾಗಿತ್ತು.

ಇತರ ಭೂಭಾಗಗಳಲ್ಲಿ ಬೇರೆ ತಳಿಗಳು ಇದೇ ಹಾದಿಯನ್ನು ಹಿಡಿದಿವೆ. ಯುರೋಪಿನ ಎಸ್‌ಟಿ 80 ಆಫ್ರಿಕಾದಿಂದ ಬಂದದ್ದೆಂದು ಜೀನೋಮ್ ಅಧ್ಯಯನಗಳು ಸೂಚಿಸಿವೆ, ಪೆಸಿಫಿಕ್ ದ್ವೀಪಗಳ ಎಸ್‌ಟಿ 30 ಹಳೆಯ 80/81 ತಳಿಯ ವಂಶಕ್ಕೆ ಸೇರಿದ್ದು, ತೈವಾನಿನಲ್ಲಿ ಎಸ್‌ಟಿ 59 ಪ್ರಬಲವಾಗಿದೆ. ನೆದರ್ಲೆಂಡ್ಸ್‌ನ ಹಂದಿ ಸಾಕಣೆದಾರರಲ್ಲಿ ಪತ್ತೆಯಾದ ಸಿಸಿ 398 ಮನುಷ್ಯರಿಂದ ಪ್ರಾಣಿಗಳಿಗೆ ಹೋಗಿ, ಅಲ್ಲಿ ಪ್ರತಿರೋಧವನ್ನು ಪಡೆದು ಮರಳಿ ಬಂದ ತಳಿ.

ಭಾರತ ಉಪಖಂಡದ ಪಾಲಿಗೆ ಮುಖ್ಯವಾದದ್ದು ಎಸ್‌ಟಿ 772, ಅಂತರರಾಷ್ಟ್ರೀಯ ಸಾಹಿತ್ಯದಲ್ಲಿ ಬಂಗಾಳ ಕೊಲ್ಲಿಯ ತಳಿ ಎಂದೇ ಹೆಸರಾದುದು. 2004ರ ಸುಮಾರಿಗೆ ಬಾಂಗ್ಲಾದೇಶ ಮತ್ತು ಭಾರತದ ಮಾದರಿಗಳಲ್ಲಿ ಗುರುತಿಸಲಾದ ಇದು ಮುಂದೆ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ವ್ಯಾಪಕವಾಗಿ ಕಂಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿ ಗಾಯತ್ರಿ ಅರಕೆರೆ ಮತ್ತು ಸಂಗಡಿಗರು ದೇಶದ ಹಲವು ನಗರಗಳ ಸ್ಟೆಫಿಲೊಕಾಕಸ್‌ಗಳನ್ನು ವಿಶ್ಲೇಷಿಸಿ, ಎಂಆರ್‌ಎಸ್‌ಎಯಲ್ಲಿ ಎಸ್‌ಟಿ 22 ಮತ್ತು ಎಸ್‌ಟಿ 772 ಪ್ರಧಾನವಾಗಿವೆಯೆಂದು ತೋರಿಸಿದರು. ಎಸ್‌ಟಿ 772ರಲ್ಲಿ ಪಿವಿಎಲ್ ವಿಷದ ವಂಶವಾಹಿಯೂ ಇನ್ನೊಂದು ಕರುಳುವಿಷದ ವಂಶವಾಹಿಯೂ ಒಂದೇ ವೈರಾಣುವಿನ ಬೆನ್ನೇರಿ ಬಂದಿವೆಯೆಂಬುದು 2013ರಲ್ಲಿ ಪ್ರಕಟವಾದ ಅವರ ಶೋಧ. ವಿವಿಧ ದೇಶಗಳ 340 ಜೀನೋಮ್‌ಗಳನ್ನು ಹೋಲಿಸಿ 2019ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಈ ತಳಿ ಉಪಖಂಡದಲ್ಲಿ 1960ರ ದಶಕದಲ್ಲಿ ಹುಟ್ಟಿ, 1990ರ ದಶಕದಲ್ಲಿ ಹಲವು ಔಷಧಗಳ ವಿರುದ್ಧದ ಪ್ರತಿರೋಧವನ್ನು ತನ್ನೊಳಗೆ ಸ್ಥಿರಪಡಿಸಿಕೊಂಡು ಬಲವಾಯಿತು, ಪ್ರಯಾಣಿಕರ ಮತ್ತು ಉಪಖಂಡದಲ್ಲಿ ಬಂಧುಗಳಿರುವ ಕುಟುಂಬಗಳ ಮೂಲಕ ಯುರೋಪ್ ಹಾಗೂ ಆಸ್ಟ್ರೇಲಿಯಾಗಳನ್ನು ತಲುಪಿತು. ಅಮೆರಿಕದ ಸಮುದಾಯ ತಳಿಗಳು ಆರಂಭದಲ್ಲಿ ಬೀಟಾ-ಲ್ಯಾಕ್ಟಮ್‌ಗಳನ್ನು ಬಿಟ್ಟರೆ ಬೇರೆ ಅನೇಕ ಔಷಧಗಳಿಗೆ ಮಣಿಯುತ್ತಿದ್ದವು. ಎಸ್‌ಟಿ 772 ಹಾಗಲ್ಲ, ಸಮುದಾಯದ ತಳಿಯಾಗಿಯೂ ಅದು ಎರಿತ್ರೊಮೈಸಿನ್, ಜೆಂಟಮೈಸಿನ್, ಸಿಪ್ರೊಫ್ಲಾಕ್ಸಸಿನ್‌ಗಳಿಗೆ ಸಾಮಾನ್ಯವಾಗಿ ಬಗ್ಗುವುದಿಲ್ಲ. ವೈದ್ಯರ ಚೀಟಿಯಿಲ್ಲದೆ ಔಷಧಿ ಅಂಗಡಿಯಿಂದ ಎರಡು ಮೂರು ದಿನಗಳ ಮಾತ್ರೆ ಕೊಳ್ಳುವ ಅಭ್ಯಾಸ ಬೇರೂರಿರುವ ಪ್ರದೇಶದಲ್ಲಿ ಇಂತಹ ತಳಿ ಬೆಳೆದದ್ದು ಆಶ್ಚರ್ಯವಲ್ಲ. 2008–09ರಲ್ಲಿ ಭಾರತದ 15 ದೊಡ್ಡ ಆಸ್ಪತ್ರೆಗಳ ಸ್ಟೆಫಿಲೊಕಾಕಸ್ ಮಾದರಿಗಳಲ್ಲಿ ಶೇ. 41ರಷ್ಟು ಎಂಆರ್‌ಎಸ್‌ಎ ಆಗಿದ್ದವು. ಕೆಲವು ಮುಖ್ಯ ಪ್ರತಿಜೈವಿಕಗಳ ಮಾರಾಟಕ್ಕೆ ಚೀಟಿ ಮತ್ತು ದಾಖಲೆಯನ್ನು ಕಡ್ಡಾಯಗೊಳಿಸಿದ ಎಚ್1 ಅನುಸೂಚಿ 2014ರ ಮಾರ್ಚ್‌ನಲ್ಲಿ ಜಾರಿಗೆ ಬಂದಿತು. ಸೋಂಕು ಪತ್ತೆಯ ಪ್ರಯೋಗಾಲಯಗಳು ತಾಲ್ಲೂಕು ಮಟ್ಟದಲ್ಲಿ ವಿರಳವಾಗಿರುವ ತನಕ ಕುರು ಯಾವ ತಳಿಯದೆಂದು ತಿಳಿಯದೆಯೇ ಔಷಧ ಬರೆಯುವ ಅನಿವಾರ್ಯತೆ ಮಾತ್ರ ತಪ್ಪುವುದಿಲ್ಲ.

ಪತ್ತೆಗೆ ಕೀವಿನ ಮಾದರಿಯನ್ನು ತಟ್ಟೆಯೊಂದರಲ್ಲಿ ಬೆಳೆಸಿ, ಆ ತಟ್ಟೆಯ ಮೇಲೆ ಸೆಫಾಕ್ಸಿಟಿನ್ ಸವರಿದ ಕಾಗದದ ಬಿಲ್ಲೆಯನ್ನಿಟ್ಟು, ಅದರ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವಲಯವನ್ನು ಅಳೆಯುತ್ತಾರೆ. ಕ್ಲಿಂಡಮೈಸಿನ್ ಕೊಡುವ ಮುನ್ನ ಇನ್ನೊಂದು ಪರೀಕ್ಷೆ ಬೇಕು: ಎರಿತ್ರೊಮೈಸಿನ್ ಬಿಲ್ಲೆಯ ಪಕ್ಕದಲ್ಲಿ ಕ್ಲಿಂಡಮೈಸಿನ್ ಬಿಲ್ಲೆಯನ್ನಿಟ್ಟಾಗ, ಎರಡನೆಯದರ ಸುತ್ತಲ ದುಂಡನೆಯ ವಲಯವು ಮೊದಲನೆಯದರ ಕಡೆಗೆ ಚಪ್ಪಟೆಯಾಗಿ ಇಂಗ್ಲಿಷಿನ ಡಿ ಅಕ್ಷರದ ಆಕಾರ ತಳೆದರೆ, ಔಷಧ ಈಗ ಕೆಲಸ ಮಾಡುವಂತೆ ಕಂಡರೂ ಚಿಕಿತ್ಸೆಯ ನಡುವೆ ಪ್ರತಿರೋಧ ತಲೆಯೆತ್ತುವ ಸಂಭವವಿದೆ ಎಂದು ತಿಳಿಯುತ್ತದೆ.

ಕುರುವಿನ ಚಿಕಿತ್ಸೆಯಲ್ಲಿ ಮೊದಲ ಸ್ಥಾನ ಔಷಧಕ್ಕಲ್ಲ, ಕೊಯ್ದು ಕೀವು ಹೊರತೆಗೆಯುವುದಕ್ಕೆ. ಕೀವು ತುಂಬಿದ ಗೂಡಿನೊಳಗೆ ಔಷಧ ಸರಿಯಾಗಿ ತಲುಪುವುದಿಲ್ಲ. ಮನೆಯಲ್ಲಿ ಹಿಸುಕುವುದರಿಂದ ಸೋಂಕು ಒಳಕ್ಕೆ ಇಳಿಯುವ ಅಪಾಯವಿದೆ. ಕೊಯ್ದ ಮೇಲೆ ಕೋಟ್ರೈಮಾಕ್ಸಜೋಲ್ ಮಾತ್ರೆ ನೀಡಿದವರಲ್ಲಿ ಶೇ. 80.5, ಔಷಧರಹಿತ ಮಾತ್ರೆ ನೀಡಿದವರಲ್ಲಿ ಶೇ. 73.6 ಮಂದಿ ಗುಣಹೊಂದಿದರೆಂದು 2016ರ ಅಮೆರಿಕದ ಪ್ರಯೋಗವೊಂದು ತೋರಿಸಿತು. ಔಷಧದಿಂದ ಲಾಭವಿದೆ, ಆದರೆ ಗುಣವಾದವರಲ್ಲಿ ಬಹುಪಾಲು ಜನರಿಗೆ ಕೊಯ್ದು ಕೀವು ತೆಗೆದದ್ದೇ ಸಾಕಾಗಿತ್ತು ಎಂಬುದನ್ನೂ ಇದೇ ಅಂಕಿಗಳು ಹೇಳುತ್ತವೆ. ಜ್ವರ, ಹಬ್ಬುತ್ತಿರುವ ಕೆಂಪು, ಸಕ್ಕರೆ ಕಾಯಿಲೆ ಅಥವಾ ರೋಗನಿರೋಧಕ ಶಕ್ತಿಯ ಕುಂದು ಇದ್ದಾಗ ಔಷಧ ಅಗತ್ಯ. ತೀವ್ರ ಸೋಂಕುಗಳಿಗೆ ವ್ಯಾಂಕೊಮೈಸಿನ್, ಲಿನೆಜೊಲಿಡ್ ಮುಂತಾದವನ್ನು ಬಳಸಲಾಗುತ್ತದೆ. ವ್ಯಾಂಕೊಮೈಸಿನ್‌ಗೆ ಪೂರ್ಣ ಪ್ರತಿರೋಧವುಳ್ಳ ಸ್ಟೆಫಿಲೊಕಾಕಸ್ 2002ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ಕಂಡುಬಂದಿತಾದರೂ ಅದೃಷ್ಟವಶಾತ್ ಅಂತಹವು ಇಂದಿಗೂ ವಿರಳ.

ಮತ್ತೆ ಮತ್ತೆ ಕುರು ಏಳುವ ಕುಟುಂಬಗಳಲ್ಲಿ ಮೂಗಿಗೆ ಮ್ಯುಪಿರೋಸಿನ್ ಮುಲಾಮು ಸವರಿ, ಕ್ಲೋರ್‌ಹೆಕ್ಸಿಡಿನ್ ದ್ರಾವಣದಿಂದ ಕೆಲವು ದಿನ ಸ್ನಾನ ಮಾಡಿಸಿ ರೋಗಾಣುವನ್ನು ಒಕ್ಕಲೆಬ್ಬಿಸುವ ಕ್ರಮವಿದೆ. ಸೇಂಟ್ ಲೂಯಿಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ರೋಗಿಯೊಬ್ಬನಿಗೇ ಈ ಕ್ರಮವನ್ನು ಅನುಸರಿಸಿದ್ದಕ್ಕಿಂತ ಮನೆಮಂದಿಗೆಲ್ಲ ಅನುಸರಿಸಿದಾಗ ಕುರು ಮರುಕಳಿಸುವುದು ಕಡಿಮೆಯಾಯಿತು, ಆದರೆ ನಿಲ್ಲಲಿಲ್ಲ; ಹಾಸಿಗೆ, ಟವೆಲು, ಬಾಗಿಲ ಹಿಡಿಗಳ ಮೇಲೆ ಉಳಿದ ಬ್ಯಾಕ್ಟೀರಿಯಾ ಮೈಗೆ ಮರಳುತ್ತದೆ. ಗಾಯವನ್ನು ಒಣಗಿದ ಪಟ್ಟಿಯಿಂದ ಮುಚ್ಚುವುದು, ಕೈ ತೊಳೆಯುವುದು, ಟವೆಲು ಮತ್ತು ಕ್ಷೌರದ ಬ್ಲೇಡುಗಳನ್ನು ಹಂಚಿಕೊಳ್ಳದಿರುವುದು, ಕೀವು ತಾಗಿದ ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆದು ಚೆನ್ನಾಗಿ ಒಣಗಿಸುವುದು, ಇವು ಎಷ್ಟೇ ಸಾಧಾರಣವೆನಿಸಿದರೂ ಹರಡುವಿಕೆಯ ಸರಪಳಿಯನ್ನು ತುಂಡರಿಸಬಲ್ಲ ಕ್ರಮಗಳು. ನೀರು ಕೊಂಡು ಬಳಸಬೇಕಾದ, ಒಂದೇ ಕೋಣೆಯಲ್ಲಿ ಇಡೀ ಸಂಸಾರ ಮಲಗಬೇಕಾದ ಮನೆಗಳಲ್ಲಿ ಅವು ಸಾಧಾರಣವೂ ಅಲ್ಲ, ಸುಲಭವೂ ಅಲ್ಲ ಎಂಬುದನ್ನು ಆರೋಗ್ಯ ಇಲಾಖೆಯ ಸಲಹಾಪತ್ರಗಳು ಹೆಚ್ಚಾಗಿ ಮರೆಯುತ್ತವೆ.

ಲಸಿಕೆಯ ಪ್ರಯತ್ನಗಳು ಇನ್ನೂ ಫಲಿಸಿಲ್ಲ. ಮರ್ಕ್ ಸಂಸ್ಥೆಯ ಲಸಿಕೆಯ ದೊಡ್ಡ ಪ್ರಯೋಗವನ್ನು 2011ರಲ್ಲಿ, ಫೈಜರ್ ಸಂಸ್ಥೆಯದನ್ನು 2018ರಲ್ಲಿ ಪ್ರಯೋಜನ ಕಾಣದೆ ನಿಲ್ಲಿಸಲಾಯಿತು. ಬಾಲ್ಯದಿಂದಲೇ ಮನುಷ್ಯನ ಮೈಯಲ್ಲಿ ಒಡನಾಡಿಯಾಗಿರುವ ಈ ಜೀವಿಯ ವಿರುದ್ಧ ಸಹಜ ಸೋಂಕು ಕೂಡ ಬಾಳಿಕೆಯ ರಕ್ಷಣೆಯನ್ನು ಕೊಡುವುದಿಲ್ಲ. ಕಳೆದ ವರ್ಷ ಕುರು ಎಬ್ಬಿಸಿದ ತಳಿಯೇ ಅದೇ ವ್ಯಕ್ತಿಯಲ್ಲಿ ಈ ವರ್ಷವೂ ಎಬ್ಬಿಸಬಲ್ಲದು.